ಸಾರು ಏನ್ ಮಾಡೀದಿ?

ಸ್ಕೂಟಿ ಕಲಿಸುತ್ತಾ ನನ್ನ ಹಿಂದೆ ಓಡಿದ ಗೆಳತಿ ಶಾಹೀನ್‌ಗೆ,

ನಾನು ಮೊದಲ ಸಲ ನಿನ್ನ ಗಾಡಿ ಹತ್ತಿದ ಬೆಳಿಗ್ಗೆ ನಿನಗೆ ನೆನಪಿದೆಯೆ? ಸಿಂಧನೂರಿನ ಆ ಮೈದಾನದಲ್ಲಿ ನೀನು ಹಿಂದಿನ ಹಿಡಿಕೆ ಹಿಡಿದುಕೊಂಡು ಓಡುತ್ತಿದ್ದೆ. ನಾನು ಬ್ರೇಕು, ಬ್ಯಾಲೆನ್ಸು ಎಂದು ಮನಸ್ಸಿನಲ್ಲೇ ಪಾಠ ಒಪ್ಪಿಸುತ್ತಿದ್ದೆ, ಅದೂ ಇಂಗ್ಲಿಷಿನಲ್ಲಿ. ನೀನು ಕೇಳಿದ್ದು ಬೇರೆಯೇ: "ಸುನೀ, ಇವತ್ತ ಸಾರು ಏನ್ ಮಾಡೀದಿ?" ಬೇಳೆ ಸಾರು ಎಂದೆ. ಹುಣಸೆಹುಳಿ ಹೆಚ್ಚಾಗಿದ್ದು, ಅತ್ತೆ ಮುಖ ಕಿವುಚಿದ್ದು, ಎಲ್ಲವನ್ನೂ ಹೇಳುತ್ತಾ ಹೋದೆ. ಗಾಡಿ ತಿರುಗಿಸಿದಾಗ ನೋಡಿದರೆ ನೀನು ದೂರದಲ್ಲಿ ಸೊಂಟದ ಮೇಲೆ ಕೈಯಿಟ್ಟು ನಗುತ್ತಾ ನಿಂತಿದ್ದೆ. ಯಾವಾಗ ಬಿಟ್ಟೆ ಅಂತ ಕೇಳಿದರೆ, "ನಿಮ್ಮತ್ತಿ ಮುಖ ಹಿಂಡಿದಾಗ ಬಿಟ್ಟೆ ನೋಡು" ಅಂದೆ. ನೀನು ಬಾಯಿಬಡುಕಿ, ಓಡುವಾಗಲೂ ಸುಮ್ಮನಿರಲಾರೆ ಎಂದುಕೊಂಡಿದ್ದೆ ನಾನು.

ನೀನು ತೀರಿಹೋದ ಮೇಲೆ, ಹೆಂಗಸರಿಗೆ ಗಾಡಿ ಕಲಿಸುವ ನಿನ್ನ ಕ್ಲಾಸನ್ನು ನಿನ್ನ ಮಗಳು ನಸ್ರೀನ್ ಮುಂದುವರಿಸಿದಳು. ನಾನು ಶಾಲೆಯಲ್ಲಿ ಕಲಿಸುವವಳಲ್ಲವೆ? ಮೊದಲು ಇದು, ಆಮೇಲೆ ಇದು ಎಂದು ಕ್ರಮವಾಗಿ ಹೇಳಿಕೊಟ್ಟೆ. ಅವಳು ಹಾಗೇ ಕಲಿಸಿದಳು. ಹೆಂಗಸರು ಹ್ಯಾಂಡಲನ್ನು ಹಗ್ಗದ ಹಾಗೆ ಬಿಗಿಹಿಡಿದರು. ಬಳಗಾನೂರಿನ ರೇಣುಕಾ ಅಂತ ಒಬ್ಬಳು ಬರುತ್ತಿದ್ದಳು, ಮಸ್ಕಿಯ ಆಸ್ಪತ್ರೆಯಲ್ಲಿ ನರ್ಸ್ ಕೆಲಸ ಸಿಕ್ಕಿತ್ತು, ಡ್ಯೂಟಿಗೂ ಬಸ್ಸಿಗೂ ಹೊಂದುತ್ತಿರಲಿಲ್ಲ. ಅವಳು ಬಿದ್ದು ಮೊಣಕಾಲು ತರಚಿಕೊಂಡಳು. "ನಿಮ್ಮ ಕ್ಲಾಸಿಗಿಂತ ನರ್ಸಿಂಗ್ ಪರೀಕ್ಷಾನೇ ಪಾಡ ಇತ್ರೀ ಟೀಚರ್ರ" ಅಂದಳು. ಉಳಿದವರು ಒಬ್ಬೊಬ್ಬರಾಗಿ ಬರುವುದನ್ನೇ ಬಿಟ್ಟರು.

ಆವತ್ತು ನಸ್ರೀನ್ ಮೈದಾನದ ಕಟ್ಟೆಯ ಮೇಲೆ ಕೂತು ಅಂದಳು: "ಖಾಲಾ, ನನ್ ಕೈಲೆ ಆಗಂಗಿಲ್ಲ. ಗಾಡಿ ಮಾರಿಬಿಡ್ತೀನಿ. ಅಮ್ಮಿ ಕೈಯಾಗ ಏನೋ ಇತ್ತು." ಕೈಯಲ್ಲಿ ಏನಿತ್ತು ಶಾಹೀನ್? ಕೈಯಲ್ಲೇ ಇದ್ದಿದ್ದರೆ ಅದು ನಿನ್ನ ಜೊತೆಗೇ ಮಣ್ಣಿಗೆ ಹೋಯಿತು, ನಾವು ಏನು ಮಾಡಿದರೂ... ಅಷ್ಟರಲ್ಲಿ ಸಾರಿನ ನೆನಪಾಯಿತು. "ಸಾರು ಏನ್ ಮಾಡೀರಿ ಅಂತ ಕೇಳು, ನಿಮ್ಮ ಅಮ್ಮಿ ಅದನ್ನೇ ಕೇಳ್ತಿದ್ಲು" ಎಂದೆ. ಮರುದಿನ ನಸ್ರೀನ್ ಶ್ರದ್ಧೆಯಿಂದ ಕೇಳಿದಳು. ರೇಣುಕಾ "ಬ್ಯಾಳಿ" ಎಂದಳು. ಅಷ್ಟೇ. ನಸ್ರೀನ್ ಹಿಡಿಕೆ ಬಿಟ್ಟಳು, ಅವಳು ಬಿದ್ದಳು.

ಮತ್ತೊಂದು ಬೆಳಿಗ್ಗೆ ನೆನಪಾಯಿತು. ನೀನು ಯಾರಿಗೋ ಕಲಿಸುತ್ತಿದ್ದಾಗ ನಾನು ನಡುವೆ ಏನೋ ಹೇಳಲು ಬಂದೆ. "ತಡೀ ಬೇ, ಆಕಿ ಮಾತು ನಿಂತ್ತು" ಎಂದು ನೀನು ಗದರಿ, ಸಡಿಲ ಬಿಟ್ಟಿದ್ದ ಹಿಡಿಕೆಯನ್ನು ಗಬಕ್ಕನೆ ಹಿಡಿದಿದ್ದೆ. ಹಾಗಾದರೆ ನೀನು ಕೇಳಿಸಿಕೊಳ್ಳುತ್ತಿದ್ದುದು ಸಾರಿನ ಕಥೆಯನ್ನಲ್ಲ, ಅದು ಎಲ್ಲಿ ತುಂಡಾಗುತ್ತದೆ ಎಂಬುದನ್ನು. ಮಾತು ನಿಂತರೆ ಕೈ ಬಿಗಿಯಾಗಿದೆ, ಹಿಡಿ. ಮಾತು ಹರಿದರೆ ಕೈ ಸಡಿಲವಾಗಿದೆ, ಬಿಡು. ಇಷ್ಟನ್ನು ನೀನು ಯಾಕೆ ಒಂದು ಸಲವೂ ಬಾಯಿಬಿಟ್ಟು ಹೇಳಲಿಲ್ಲ? ಅಥವಾ ನಿನಗೂ ಅದು ಗೊತ್ತಿರಲಿಲ್ಲವೆ?

ನಸ್ರೀನ್‌ಗೆ ಹೇಳಿದೆ: ಸಾರೇ ಆಗಬೇಕೆಂದಿಲ್ಲ, ಒಂದು ಮಾತಿಗೆ ಮುಗಿಯದಂಥದ್ದು ಯಾವುದಾದರೂ ಕೇಳು, ಕೈಗಿಂತ ಮೊದಲು ಕಿವಿ ಇಡು. ಅವಳು ಗಾಡಿಯ ಹಿಂದೆ ಓಡುತ್ತಾ ಕೇಳಿದಳು: "ರೇಣುಕಕ್ಕಾ, ನಿಮ್ಮ ನಾದಿನಿ ಹ್ಯಾಂಗದಾಳ್ರೀ?"

"ಆಕಿ ಸುದ್ದಿ ಕೇಳಬ್ಯಾಡವಾ! ಮೊನ್ನಿ ನನ್ನ ಹೊಸ ಸೀರಿ ಉಟಗೊಂಡು ಲಿಂಗಸುಗೂರಿಗೆ ಮದುವಿಗೆ ಹೋಗ್ಯಾಳ..." ಸೀರೆಗೆ ಎಣ್ಣೆ ಚೆಲ್ಲಿತು, ಗಂಡ ತಂಗಿಯ ಪರ ವಹಿಸಿದ. ನಡುವೆ ಒಮ್ಮೆ ಮಾತು ತಡವರಿಸಿತು, ನಸ್ರೀನ್ ಹಿಡಿದಳು. ಮತ್ತೆ ಹರಿಯಿತು, ಬಿಟ್ಟಳು. ರೇಣುಕಾ ಒಬ್ಬಳೇ ನಾದಿನಿಯನ್ನು ಬೈಯುತ್ತಾ ಮೈದಾನ ಸುತ್ತಿ ಬಂದು, "ಎಲ್ಲಿ ಹೋಗಿದ್ದೆವಾ? ಅರ್ಧ ಕಥಿ ಕೇಳೇ ಇಲ್ಲ ನೀ!" ಎಂದು ಜಗಳಕ್ಕೆ ನಿಂತಳು.

ನಿನಗೆ ಗೊತ್ತಿದ್ದುದು ಇಷ್ಟೇ ಎಂದು ನಾನು ಹೇಳಲಾರೆ. ನಮ್ಮ ಕೈಗೆ ಸಿಕ್ಕಿದ್ದು ಇಷ್ಟು. ರೇಣುಕಾ ಈಗ ಗಾಡಿಯಲ್ಲೇ ಡ್ಯೂಟಿಗೆ ಹೋಗುತ್ತಾಳೆ. ಗಾಡಿ ಮಾರುವ ಮಾತನ್ನು ನಸ್ರೀನ್ ಎತ್ತುತ್ತಿಲ್ಲ.

ಇನ್ನೊಂದು ಸುದ್ದಿ. ಈ ಭಾನುವಾರ ಆ ನಾದಿನಿಯೇ ಕಲಿಯಲು ಬರುತ್ತಿದ್ದಾಳೆ. ಅವಳನ್ನು ಏನು ಕೇಳಬೇಕೆಂದು ನಸ್ರೀನ್‌ಗೆ ನಾನು ಹೇಳಿಕೊಡಬೇಕಾಗಿಲ್ಲ.

ನಿನ್ನ ಸುನೀ