ಮೀನಿನ ತೊಟ್ಟಿಗೆ ಬೋರಿನ ನೀರು ಬೇಡ

ಅತ್ತೀ,

ನಾನು ಧಾರವಾಡಕ್ಕೆ ಹೊರಟೆ. ನಾಳೆ ಸಂಜೆ ಬರುತ್ತೇನೆ.

ತೊಟ್ಟಿಯ ನೀರು ಗುರುತಿನ ಗೆರೆಗಿಂತ ಕೆಳಗಿಳಿದರೆ ನೀಲಿ ಕ್ಯಾನಿನ ಫಿಲ್ಟರ್ ನೀರನ್ನೇ ಒಂದು ತಂಬಿಗೆ ಹಾಕಿರಿ. ಮೊದಲು ಅದರಲ್ಲಿ ನೀರಿನ ಉಪ್ಪು ಅಳೆಯುವ ಮೀಟರಿನ ತುದಿ ಅದ್ದಿ ನೋಡಿರಿ, ಸೊನ್ನೆ ತೋರಿಸಬೇಕು. ಹತ್ತು ತೋರಿಸಿದರೂ ಹಾಕಬೇಡಿರಿ.

‘ಸಮುದ್ರದ ಮೀನಲ್ಲೇನ, ನಮ್ಮ ಬೋರಿನ ನೀರೂ ಸವಳ ಐತಿ, ನಡೀತೈತಿ ಬಿಡು’ ಎಂದು ಹೋದ ವಾರ ನೀವು ಸುರಿದ ಒಂದು ಕೊಡಕ್ಕೆ ಮೂರು ಮೀನು ಸತ್ತವು. ಬೋರಿನ ಸವಳು ಸಮುದ್ರದ ಉಪ್ಪಲ್ಲ. ತೊಟ್ಟಿಯಿಂದ ಆರಿಹೋಗುವುದು ಬರೀ ನೀರು, ಅದರ ಉಪ್ಪು ಅಲ್ಲೇ ಉಳಿದಿರುತ್ತದೆ. ಬೈಯುತ್ತಿಲ್ಲ. ನಿಮ್ಮ ಮಗ ತಂದವುಗಳಲ್ಲಿ ಉಳಿದದ್ದು ಇದೊಂದೇ.

ರೊಟ್ಟಿ ಬುಟ್ಟಿಯಲ್ಲಿವೆ. ಬಿ.ಪಿ. ಗುಳಿಗೆ ಮರೆಯಬೇಡಿರಿ.

ಈ ಮೀನೂ ಸತ್ತರೆ ಫೋನ್ ಮಾಡಬೇಡಿರಿ. ಅವರು ಹೋದ ಸುದ್ದಿಯನ್ನೂ ನಾನು ಫೋನಿನಲ್ಲೇ ಕೇಳಿದ್ದು. ಬಂದು ನಾನೇ ನೋಡುತ್ತೇನೆ.

ರೋಹಿಣಿ