ತೋಳುದ್ದದ ಪತ್ರಿಕೆ

ಮುಖ್ಯ ಗ್ರಂಥಪಾಲಕರಿಗೆ,

ಆ ತೋಳುದ್ದದ ತ್ರೈಮಾಸಿಕ ಕಪಾಟಿನಲ್ಲಿ ಹಿಡಿಯುವುದಿಲ್ಲ, ಅಂಚು ಕತ್ತರಿಸಿ ಬೈಂಡ್ ಮಾಡು ಎಂದು ಚೀಟಿ ಕಳಿಸಿದ್ದೀರಿ. ಮಾಡುವುದಿಲ್ಲ. ಬಡಗಿಗೆ ಹೇಳಿದರೆ ಅರ್ಧ ದಿನದಲ್ಲಿ ಕಪಾಟಿನ ಹಲಗೆ ಕೆಳಗಿಳಿಸಿ ಕೊಡುತ್ತಾನೆ. ಕತ್ತರಿಸಿದ ಕಾಗದ ಮತ್ತೆ ಬೆಳೆಯುವುದಿಲ್ಲ. ಇಷ್ಟನ್ನೂ ನಿಮಗೆ ಹೇಳಿಕೊಡಬೇಕಾಗಿ ಬಂದದ್ದು ನನ್ನ ಗ್ರಹಚಾರ.

ಮೊದಲ ವರ್ಷದ ನಾಲ್ಕು ಸಂಚಿಕೆಗಳನ್ನು, ನಿಮ್ಮ ಹಿಂದಿನವರ ಮಾತು ಕೇಳಿ, ನಾನೇ ಕತ್ತರಿಸಿದ್ದೆ. ಓದುಗರ ಪತ್ರಗಳನ್ನು ಅಂಚಿನುದ್ದಕ್ಕೂ ಅಚ್ಚು ಹಾಕುವುದು ಆ ಪತ್ರಿಕೆಯ ಪದ್ಧತಿ. ನಾನು ಓದಿ ನೋಡಲಿಲ್ಲ. ಒಂದು ಮಧ್ಯಾಹ್ನ ಸಂಪಾದಕಿ ಬಂದು ಪುಟ ತಿರುವಿದರು. ಖಾಲಿ ಅಂಚನ್ನು ಬೆರಳಿನಿಂದ ಸವರಿ, "ಇಲ್ಲಿ ನಮ್ಮಮ್ಮನ ಪತ್ರ ಇತ್ತು ಅಣ್ಣ. ಅವರು ಬರೆದಿದ್ದು ಅದೊಂದೇ. ಇಲ್ಲಿದ್ರೆ ಜೋಪಾನವಾಗಿರುತ್ತೆ ಅಂತ ಮನೇಲಿದ್ದ ಪ್ರತೀನೂ ತಂದುಕೊಟ್ಟಿದ್ದೆ," ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಆಮೇಲೆ ಬಂದ ಸಂಚಿಕೆಗಳನ್ನೆಲ್ಲ, ಚಪ್ಪಟೆ ಪೆಟ್ಟಿಗೆ ಮಾಡಿಸಿ, ಅದರಲ್ಲಿ ಮಡಿಸದೆ ಇಟ್ಟು ಬೀಗ ಹಾಕಿದ್ದೇನೆ. ಕತ್ತರಿಸಲೇಬೇಕೆಂದರೆ ಮೊದಲು ಆಕೆಗೆ ಫೋನ್ ಮಾಡಿ ತಿಳಿಸಿ. ನಂಬರನ್ನು ನಿಮ್ಮ ಚೀಟಿಯ ಹಿಂದೆಯೇ ಬರೆದು ವಾಪಸು ಕಳಿಸಿದ್ದೇನೆ. ಅದನ್ನು ಒತ್ತುವ ಧೈರ್ಯ ನನಗೆ ಹತ್ತು ವರ್ಷದಿಂದ ಬಂದಿಲ್ಲ. ನಿಮಗಿದ್ದರೆ ಬಂದು ಬೀಗದ ಕೈ ತೆಗೆದುಕೊಂಡು ಹೋಗಿ.

ಇಂತಿ,
ಕತ್ತರಿ ಕೆಳಗಿಟ್ಟಿರುವ ನಿಮ್ಮ ಬೈಂಡರ್