ಎಲ್ಲರೂ ನೀರು ಹಾಕಿದ ಗುಲಾಬಿ

ಮನೆಯಿಂದ,
ಮಾರ್ಚ್ ೧೫, ಭಾನುವಾರ ಸಂಜೆ

ಮನೆಗೂ ಪಾರ್ಕಿಗೂ ಒಡತಿಯಾದವಳೇ,

ಹೇಗಿದ್ದೀಯ? ಕಾಲು ಮುರಿದುಕೊಂಡ ನಿನ್ನಕ್ಕ ಹೇಗಿದ್ದಾರೆ? ಊರುಗೋಲು ಹಿಡಿಯುವುದಕ್ಕಿಂತ ನಿನ್ನ ಆಜ್ಞೆ ಪಾಲಿಸುವುದೇ ಅವರಿಗೆ ಕಷ್ಟವಾಗಿರಬೇಕು, ಅನುಭವಸ್ಥನ ಮಾತಿದು. ನಾನು ಕ್ಷೇಮ. ಅನ್ನ ದಿನಾ ತಳ ಹಿಡಿಯುತ್ತದೆ, ಆದರೂ ಕ್ಷೇಮ. ಇನ್ನೊಂದು ತಿಂಗಳು ಅಲ್ಲೇ ಇರಲೇ ಎಂದು ಕೇಳಿದ್ದೀಯ. ಆ ಉತ್ತರ ಇರಲಿ, ಮೊದಲು ಪಾರ್ಕಿನ ಘೋರ ವಾರ್ತೆ ಕೇಳು.

ಗೇಟಿನ ಪಕ್ಕ ನೀನು ನೆಟ್ಟ ಗುಲಾಬಿ ಹಳದಿಯಾಗಿ ತಲೆ ಜೋತುಹಾಕಿತು. ಇವತ್ತು ಬೆಳಿಗ್ಗೆ ನಿನ್ನ ಸ್ವಯಂಸೇವಕರ ಪಡೆ ಕಳೆ ಕೀಳುವುದನ್ನು ಬಿಟ್ಟು ಅದರ ಸುತ್ತ ವಿಚಾರಣೆಗೆ ಕೂತಿತು. ಮೇಷ್ಟ್ರು ಬುಡಕ್ಕೆ ಬೆರಳಿಟ್ಟರೆ ಕೆಸರುಗದ್ದೆ! "ಯಾರ್ರೀ ಇಷ್ಟು ನೀರು ಸುರಿದಿದ್ದು?" ಎಂದು ಗುಡುಗಿದರು. "ಅಂಗಡಿ ತೆಗೆಯೋಕೆ ಮುಂಚೆ ದಿನಾ ಒಂದೇ ಒಂದು ಬಕೆಟ್ಟು ಸಾರ್..." ಎಂದ ಟೈಲರ್. "ಡ್ಯೂಟಿ ಮುಗಿಸ್ಕೊಂಡು ಬರ್ತಾ ನಾನೂ..." ಎಂದರು ನರ್ಸಮ್ಮ. ಕೊನೆಗೆ ಮೇಷ್ಟ್ರೇ ಕೆಮ್ಮಿ, ಮಧ್ಯಾಹ್ನದ ಕೊಡ ತಮ್ಮದೆಂದು ಒಪ್ಪಿದರು. ನೀನು ಹೊರಡುವಾಗ ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು, "ಬೇರೆಯವ್ರನ್ನ ನಂಬ್ಕೊಂಡ್ರೆ ಆಗಲ್ಲ, ನೀವೇ ನೋಡ್ಕೊಳ್ಳಿ" ಎಂದಿದ್ದೆಯಂತೆ. ನನಗೂ ಅದನ್ನೇ ಹೇಳಿದ್ದೆಯಲ್ಲೇ ಪುಣ್ಯಾತ್ಗಿತ್ತಿ! ನಾನೊಬ್ಬನೇ ನಿನ್ನ ನಂಬಿಕೆಯ ಬಂಟನೆಂದು ಎದೆಯುಬ್ಬಿಸಿ ಸಂಜೆಯ ಕೊಡ ಹೊತ್ತೆ.

ಕೊಳೆತ ಬೇರು ಕತ್ತರಿಸಿ, ಮರಳು ಬೆರೆಸಿದ ಮಣ್ಣಿನ ಕುಂಡಕ್ಕೆ ಗಿಡವನ್ನು ಬದಲಾಯಿಸಿ, ನೆರಳಿನಲ್ಲಿಟ್ಟಿದ್ದೇವೆ. ಬದುಕುತ್ತದಂತೆ. ನೀರು ಹಾಕುವ ಅಧಿಕಾರ ನರ್ಸಮ್ಮನೊಬ್ಬರಿಗೇ. ಉಳಿದವರು ಹತ್ತಿರ ಸುಳಿದರೆ ಜೋಕೆ.

ನಗಬೇಡ. ಸಂಜೆ ಕೊಡ ಇಳಿಸಿ ಗುಲಾಬಿಯ ಪಕ್ಕ ಕೂತು, ಹಾಲು ಉಕ್ಕಿದ್ದು, ಅಂಗಿಯ ಗುಂಡಿ ಕಿತ್ತುಹೋದದ್ದು, ಎದುರುಮನೆಯವರ ಜಗಳ, ಹೀಗೆ ನಿನಗೆ ಹೇಳಬೇಕಾದ್ದನ್ನೆಲ್ಲ ಆ ಗಿಡಕ್ಕೆ ಹೇಳುತ್ತಿದ್ದೆ. ಬೇಗ ಎದ್ದು ಬರಲು ಮನಸ್ಸಾಗದೆ ಇನ್ನರ್ಧ ಕೊಡ ಸುರಿಯುತ್ತಿದ್ದೆ. ಇವತ್ತು ಆ ನೆಪವೂ ಹೋಯಿತು. ಇಬ್ಬರ ಚಹಾ ಮಾಡಿ ಒಬ್ಬನೇ ಕುಡಿದು, ಈ ಪತ್ರ ಬರೆಯುತ್ತಿದ್ದೇನೆ.

ಅಕ್ಕನಿಗೆ ನಮಸ್ಕಾರ ತಿಳಿಸು. ನಿನಗೇನು ತಿಳಿಸಲಿ? ಅಕ್ಕ ಇಣುಕಿ ಓದುತ್ತಾರೆ.

ಇಂತಿ,
ನಿನ್ನ ಸಮಸ್ತ ಅಪನಂಬಿಕೆಗೆ ಪಾತ್ರನಾದ
ಪತಿರಾಯ

ತಾ.ಕ.: ಒಂದು ತಿಂಗಳು ಇರು, ಅಕ್ಕನಿಗೆ ನೀನು ಬೇಕು. ಆದರೆ ಶನಿವಾರದ ಬಸ್ಸಿಗೆ ನಾನೂ ಹೊರಟೆ. ಪಾತ್ರೆ ತೊಳೆಯುತ್ತೇನೆ, ಅಕ್ಕನಿಂದ ಬೈಸಿಕೊಳ್ಳುತ್ತೇನೆ, ಎಲ್ಲಿ ಮಲಗು ಎಂದರೆ ಅಲ್ಲಿ ಮಲಗುತ್ತೇನೆ. ಬರಬೇಡಿ ಎಂದು ಉತ್ತರ ಬರೆಯಬೇಡ. ಅದು ಇಲ್ಲಿಗೆ ಮುಟ್ಟುವ ಹೊತ್ತಿಗೆ ನಾನು ನಿಮ್ಮ ಬಾಗಿಲು ತಟ್ಟುತ್ತಿರುತ್ತೇನೆ.